ಮಾಸ್ಟ್ರ ಉಸಿರು

ಟೈಲರಮ್ಮ ಗಂಡನ ಕೋಟಿನ ಬೆನ್ನಿನ ಹೊಲಿಗೆ ಬಿಚ್ಚಿ, ಎರಡೂ ಕಡೆ ಒಳಕ್ಕೆ ಮಡಚಿ, ಮತ್ತೆ ಕೈಯಲ್ಲೇ ಹೊಲಿಯುತ್ತ ಕೂತಿದ್ದಳು. ಪಕ್ಕದ ಚಾಪೆಯ ಮೇಲೆ ಗಂಡ ಮಲಗಿದ್ದ. ಬ್ಯಾಂಡಿನ ಕೆಂಪು ಕೋಟು ಅದು, ಅವಳೇ ಹೊಲಿದದ್ದು. ಹೋದ ವರ್ಷ ಮೈಗೆ ಸರಿಯಾಗಿದ್ದ ಕೋಟಿನೊಳಗೆ ಈಗ ಅವನ ಜತೆ ಇನ್ನೊಬ್ಬ ಹಿಡಿಸುವಷ್ಟು ಜಾಗವಿತ್ತು. ಬಾಗಿಲಲ್ಲಿ ನಿಂತ ಭಾವ, ಹಿಂದುಗಡೆ ಯಾರು ನೋಡ್ತಾರಮ್ಮ, ಎರಡು ಪಿನ್ನು ಚುಚ್ಚಿಬಿಡು, ಹೊತ್ತಾಗ್ತಿದೆ ಎಂದರು. ಅವಳು ತಲೆ ಎತ್ತಲಿಲ್ಲ. ಹಿಂದುಗಡೆ ಯಾರೂ ನೋಡುವುದಿಲ್ಲ ಅನ್ನುವ ಧೈರ್ಯದ ಮೇಲೆಯೇ ನಿಮ್ಮ ಅರ್ಧ ಆಯುಷ್ಯ ನಡೆದಿದೆ ಎಂದು ಹೇಳಬೇಕೆನಿಸಿತು. ಹೇಳದೆ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡು ಮಾಡಿದಳು.

ಭಾವ ಎಂದರೆ ಊರಿಗೆಲ್ಲ ಮಾಸ್ಟ್ರು. ಮದುವೆಯಿರಲಿ, ಮೆರವಣಿಗೆಯಿರಲಿ, ಶಾಲೆಯ ಆಟೋಟವಿರಲಿ, ಬ್ಯಾಂಡಿನ ಮುಂದೆ ಬಿಳಿ ಕೋಟು ತೊಟ್ಟು, ಟ್ರಂಪೆಟ್ಟನ್ನು ಆಕಾಶಕ್ಕೆ ಎತ್ತಿ ನಡೆಯುವವರು ಅವರೇ. ನಡಿಗೆ ಬಲು ನಿಧಾನ. ಒಂದು ಹೆಜ್ಜೆ ಇಟ್ಟು, ನಿಂತು, ಸುತ್ತ ಒಮ್ಮೆ ನೋಡಿ, ಆಮೇಲೆ ಇನ್ನೊಂದು ಹೆಜ್ಜೆ. ಜನ ಅದನ್ನು ಗತ್ತು ಅನ್ನುತ್ತಿದ್ದರು. ಎದೆಯಲ್ಲಿ ಗಾಳಿ ಸಾಲದವನೂ ಹಾಗೇ ನಡೆಯುತ್ತಾನೆ ಅನ್ನುವುದು ಯಾರ ತಲೆಗೂ ಹೊಳೆದಿರಲಿಲ್ಲ.

ಚಾಪೆಯ ಮೇಲೆ ಸತ್ತು ಮಲಗಿದ್ದವನು ಅವರ ತಮ್ಮ, ಟೈಲರಮ್ಮನ ಗಂಡ. ಎರಡನೇ ಸಾಲಿನಲ್ಲಿ, ಸರಿಯಾಗಿ ಅಣ್ಣನ ಬೆನ್ನ ಹಿಂದೆ ನಿಂತು ಟ್ರಂಪೆಟ್ಟು ಊದುತ್ತಿದ್ದ. ಕೇಳಿದ್ದಕ್ಕೆ ಹೂಂ, ಉಹೂಂ ಬಿಟ್ಟರೆ ಮೂರನೇ ಮಾತಿಲ್ಲದ ಆಸಾಮಿ. ಹಾಗಾಗಿ ಬ್ಯಾಂಡಿನವರೆಲ್ಲ ಅವನನ್ನು ಮೂಕಪ್ಪ ಎಂದೇ ಕರೆಯುತ್ತಿದ್ದರು. ಹೆಸರಿಟ್ಟಿದ್ದು ಮೈಗೆ ಸುತ್ತಿಕೊಳ್ಳುವ ದೊಡ್ಡ ಕೊಂಬು ಊದುವ ಮುದುಕ. ಆ ಮುದುಕನನ್ನು, ಕೊಂಬಿನ ಸದ್ದಿನಿಂದ, ಚಿಕ್ಕವರು ದೊಡ್ಡವರು ಎಲ್ಲರೂ ಭೋಂ ಮಾವ ಅನ್ನುತ್ತಿದ್ದರು. ಬ್ಯಾಂಡ್ ಇಲ್ಲದ ದಿನ ಮೂಕಪ್ಪನಿಗೆ ಅಣ್ಣನ ವಾದ್ಯದಂಗಡಿಯ ಹಿಂದಿನ ಶೆಡ್ಡಿನಲ್ಲಿ ಕೆಲಸ. ಜಜ್ಜಿಹೋದ ವಾದ್ಯಗಳನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿ, ಮೋಟಾರಿನ ಪಾಲಿಶ್ ಚಕ್ರಕ್ಕೆ ಒತ್ತಿ ಹೊಳಪು ಬರಿಸಬೇಕು. ಹಿತ್ತಾಳೆಯ ಧೂಳು ಪಕ್ಕದ ಮನೆಯವರ ಬಟ್ಟೆಗೆ ಕೂರುತ್ತದೆ ಎಂದು ಜಗಳವಾದಾಗಿನಿಂದ ಮಾಸ್ಟ್ರು ಆ ಶೆಡ್ಡಿನ ಒಂದೇ ಕಿಟಕಿಗೆ ಹಲಗೆ ಬಡಿಸಿದ್ದರು. ಬಟ್ಟೆ ಉಳಿಯಿತು.

ಮೂಕಪ್ಪ ಆಸ್ಪತ್ರೆ ಸೇರಿದ ದಿನ ಮಾಸ್ಟ್ರು ಬ್ಯಾಂಡಿನವರನ್ನೆಲ್ಲ ಸೇರಿಸಿ, ನನ್ನ ತಮ್ಮ ಎದ್ದು ಬರೋ ತನಕ ನಾನು ಟ್ರಂಪೆಟ್ಟು ಮುಟ್ಟಲ್ಲ, ಇದು ನನ್ನ ಶಪಥ ಎಂದು ಹೇಳಿದ್ದರು. ಅಂದಿನಿಂದ ಮುಂದೆ ನಿಂತು ಬರೀ ಕೈ ಆಡಿಸುತ್ತಿದ್ದರು. ಕಂಡವರೆಲ್ಲ ಕಣ್ಣು ಒರೆಸಿಕೊಂಡರು. ಒಡಹುಟ್ಟು ಅಂದ್ರೆ ಹೀಗಿರಬೇಕು ನೋಡ್ರಿ ಅಂದರು. ಈ ಮಾತನ್ನು ಟೈಲರಮ್ಮನ ಮುಂದೆಯೇ ಬಂದು ಹೇಳಿದವರೂ ಇದ್ದರು. ಅವರಿಗೆಲ್ಲ ಅವಳು ಕಾಫಿ ಕೊಟ್ಟು ಕಳಿಸಿದ್ದಳು.

*

ಬ್ಯಾಂಡಿನಲ್ಲಿ ಒಂದು ಕಟ್ಟಳೆಯಿತ್ತು. ಮಾಸ್ಟ್ರ ಅಪ್ಪ, ಅಂದರೆ ಮೊದಲ ಮಾಸ್ಟ್ರು ಮಾಡಿಟ್ಟದ್ದು. ಬ್ಯಾಂಡಿನವನೊಬ್ಬ ಸತ್ತರೆ, ಗುಂಡಿಯ ಹತ್ತಿರ ಎಲ್ಲರೂ ತಮ್ಮ ವಾದ್ಯಗಳನ್ನು ಬಾಯಿ ಕೆಳಗೆ ಮಾಡಿ ನೆಲಕ್ಕಿಡಬೇಕು. ಮಾಸ್ಟ್ರೊಬ್ಬರೇ ನಿಂತು ‘ಕಡೇ ಧಾಟಿ’ ನುಡಿಸಬೇಕು. ಅದು ಮುಗಿಯುವವರೆಗೆ ಯಾರೂ ಹಿಡಿ ಮಣ್ಣು ಹಾಕುವ ಹಾಗಿಲ್ಲ. ಧಾಟಿಯೇನೂ ದೊಡ್ಡದಲ್ಲ. ಆದರೆ ಕೊನೆಯ ಸ್ವರವನ್ನು ಉಸಿರು ತೀರುವ ತನಕ ಹಿಡಿಯಬೇಕು. ಅಪ್ಪ ಅದನ್ನು ಹಿಡಿದರೆ ಮರದ ಮೇಲಿನ ಹಕ್ಕಿಗಳು ಎದ್ದು ಹೋಗಿ ವಾಪಸು ಬಂದು ಕೂತರೂ ಮುಗಿಯುತ್ತಿರಲಿಲ್ಲ ಎಂದು ಭೋಂ ಮಾವ ಹೇಳುತ್ತಿದ್ದರು. ಭೋಂ ಮಾವನ ಮಾತಿನಲ್ಲಿ ಅರ್ಧ ಕಳೆದರೂ ಸಾಕಷ್ಟು ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಬ್ಯಾಂಡಿನ ಡ್ರಮ್ಮಿನವನು ತೀರಿಹೋದ. ಮೂಕಪ್ಪನಿಗೆ ಅವನು ಜೀವದ ಗೆಳೆಯ. ಮಣ್ಣಿನ ಹಿಂದಿನ ಸಂಜೆಯೇ ಮಾಸ್ಟ್ರು ತಮ್ಮನ ಮನೆಗೆ ಬಂದು, ಟೈಲರಮ್ಮನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಎದೆ ಸವರಿಕೊಂಡರು. ಮೆರವಣಿಗೆಗಳಲ್ಲಿ ಅಣ್ಣನ ಪಾಲನ್ನೂ ಸೇರಿಸಿ ತಮ್ಮ ಹಿಂದಿನಿಂದ ಊದುವುದು ಅಷ್ಟು ಹೊತ್ತಿಗಾಗಲೇ ಹಳೆಯದಾಗಿತ್ತು. ಶುರುವಾದಾಗ, ಎದೆ ಕಟ್ಟಿದೆ ಕಣೋ, ಸ್ವಲ್ಪ ದಿನ ನೀನು ಜೋರಾಗಿ ಊದು ಅಂದಿದ್ದರು. ಆ ಸ್ವಲ್ಪ ದಿನ ಮುಗಿದೇ ಇರಲಿಲ್ಲ. ಹತ್ತು ಜನ ಊದುವಾಗ ಯಾರ ಸದ್ದು ಯಾರದು ಎಂದು ತಿಳಿಯುವುದಿಲ್ಲ. ಕಡೇ ಧಾಟಿಯಲ್ಲಿ ಹಾಗಲ್ಲ, ಅಲ್ಲಿ ಒಬ್ಬನೇ.

ಮಾರನೇ ದಿನ ಮೂಕಪ್ಪ ಗೆಳೆಯನ ಮಣ್ಣಿಗೆ ಹೋದದ್ದು ಬ್ಯಾಂಡಿನ ವ್ಯಾನಿನೊಳಗೆ ಅಡಗಿಕೊಂಡು. ವ್ಯಾನನ್ನು ಮಣ್ಣಿನ ಜಾಗದ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಮಾಸ್ಟ್ರು ಅದಕ್ಕೆ ಬೆನ್ನು ಕೊಟ್ಟು ನಿಂತರು. ಯಾರಾದರೂ ಇಣುಕಿದರೆ ಗಂಡನಿಗೆ ಜ್ವರ, ಮಲಗಿದಾರೆ ಎಂದು ಹೇಳಲು ಟೈಲರಮ್ಮನನ್ನು ಬಾಗಿಲ ಹತ್ತಿರ ಕೂರಿಸಿದ್ದರು. ಮೂಕಪ್ಪ ಸೀಟುಗಳ ನಡುವೆ ಮಂಡಿಯೂರಿ, ಕಿಟಕಿಯ ಸಂದಿಯಿಂದ ಅಣ್ಣನ ಭುಜ ನೋಡುತ್ತ, ಭುಜ ಎದ್ದಾಗ ಊದಿದ, ಇಳಿದಾಗ ನಿಲ್ಲಿಸಿದ. ಊದುತ್ತ ಊದುತ್ತ ಅವನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವಳೇ ಸೆರಗಿನಿಂದ ಒರೆಸಿದಳು. ಹೊರಗೆ ಜನ, ಮಾಸ್ಟ್ರ ಉಸಿರು ಅಂದ್ರೆ ಉಸಿರಪ್ಪ ಎಂದು ಗದ್ಗದಿತರಾಗುತ್ತಿದ್ದರು.

ಎಲ್ಲರೂ ಹೋದ ಮೇಲೆ ಮೂಕಪ್ಪ ಇಳಿದು ಹೋಗಿ, ಮುಚ್ಚಿದ ಗುಂಡಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ ಬಂದ. ಯಾಕೆ ಒಪ್ಪಿಕೊಂಡಿರಿ ಎಂದು ಅವಳು ಕೇಳಿದ್ದಕ್ಕೆ, ಅಣ್ಣ ಅಲ್ವಾ ಎಂದ. ಅವಳಿಗೆ ಮೈಯೆಲ್ಲ ಉರಿಯಿತು. ಅಣ್ಣನಿಗಾದರೂ ತಮ್ಮ ಅಲ್ವಾ ಅನ್ನಿಸಬೇಡವೇ.

*

ಕೋಟು ತೊಡಿಸಿ ಆಯಿತು. ಮಗಳು ಅಪ್ಪನ ತಲೆ ಬಾಚಿದಳು. ಹೆಂಗಸರು ಒಳಗೆ ಗೋಡೆಗೆ ಒರಗಿ ಕೂತರು, ಗಂಡಸರು ಹೊರಗೆ ಬೆಂಚಿನ ಮೇಲೆ. ಸಾವಿನ ಮನೆಯಲ್ಲಿ ಮೊದಲು ಅಳು, ಆಮೇಲೆ ಕಾಯಿಲೆಯ ಮಾತು, ಆಮೇಲೆ ಕಾಯಿಲೆ ಯಾಕೆ ಬಂತು ಅನ್ನುವ ಪಂಚಾಯಿತಿ. ಪಕ್ಕದ ಮನೆಯಾಕೆ ನಿಟ್ಟುಸಿರು ಬಿಟ್ಟು, ಇಷ್ಟು ಒಳ್ಳೆಯವರು, ಅದೊಂದು ಚಟ ಬಿಟ್ಟಿದ್ದರೆ ಇನ್ನೂ ಇರ್ತಿದ್ರು ಎಂದಳು. ಶ್ವಾಸಕೋಶದ ಕ್ಯಾನ್ಸರ್ ಅಂದ ಮೇಲೆ ಹೊಗೆ ಇಲ್ಲದೆ ಬಂದೀತೇ ಎಂದು ಇನ್ನೊಬ್ಬಳು ಸೇರಿಸಿದಳು.

ನಮ್ಮಪ್ಪ ಒಂದು ದಿನವೂ ಸೇದಿಲ್ಲ ಎಂದು ಮಗಳು ಧಡಕ್ಕನೆ ಎದ್ದಳು. ಟೈಲರಮ್ಮ ಅವಳ ಕೈ ಹಿಡಿದು ಕೂರಿಸಿದಳು. ಮಕ್ಕಳಿಗೇನು ಗೊತ್ತಾಗುತ್ತೆ, ಕದ್ದು ಸೇದೋರು ಮಕ್ಕಳೆದುರು ಸೇದ್ತಾರಾ ಎಂದು ಪಕ್ಕದ ಮನೆಯಾಕೆ ಮೆಲ್ಲಗೆ ಅಂದಳು. ತಪ್ಪು ಅವಳದ್ದಲ್ಲ. ಅದೇ ಹೊತ್ತಿಗೆ ಹೊರಗಿನ ಬೆಂಚಿನಿಂದ ಮಾಸ್ಟ್ರ ಧ್ವನಿ ತೇಲಿಬಂತು.

“ಎಷ್ಟು ಸಲ ಹೇಳ್ದೆ, ಬಿಟ್ಬಿಡೋ ಅಂತ. ಕೇಳ್ಲಿಲ್ಲ. ಹಣೆಬರಹ.”

ಇದು ಇಂದು ನಿನ್ನೆಯದಲ್ಲ. ಹುಡುಗರಾಗಿದ್ದಾಗ ಅಣ್ಣ ತಾಲೀಮಿನ ಕೋಣೆಯ ಹಿಂದೆ ಬೀಡಿ ಸೇದುತ್ತಿದ್ದ. ಅಪ್ಪನಿಗೆ ವಾಸನೆ ಬಂದಾಗ ತಮ್ಮನತ್ತ ಬೊಟ್ಟು ಮಾಡಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಮ್ಮ ಬೆಲ್ಟಿನ ಏಟು ತಿಂದು ಸುಮ್ಮನಾದ. ದೊಡ್ಡವರಾದ ಮೇಲೂ ಅದೇ ತಾಲೀಮಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಮಾಸ್ಟ್ರು ಒಂದರ ಬೆಂಕಿಯಿಂದ ಇನ್ನೊಂದು ಹಚ್ಚಿ ಸೇದಿದರು, ತಮ್ಮ ಪಕ್ಕದಲ್ಲಿ ಕೂತು ಅದೇ ಗಾಳಿ ಎಳೆದುಕೊಂಡು ಊದಿದ. ತಮ್ಮನಿಗೆ ಕೆಮ್ಮು ಹತ್ತಿಕೊಂಡಾಗ, ಏನು ಮಾಸ್ಟ್ರೇ ಮೂಕಪ್ಪ ಹೀಗೆ ಕೆಮ್ತಾನೆ ಎಂದು ಬ್ಯಾಂಡಿನವರು ಕೇಳಿದರು. ಕದ್ದು ಸೇದ್ತಾನೆ, ನಾನು ಹೇಳಿ ಹೇಳಿ ಸಾಕಾದೆ ಎಂದು ಮಾಸ್ಟ್ರು ಹೇಳಿದರು. ಅಲ್ಲಿಗೆ ಕೇಳುವವರ ಬಾಯಿ ಮುಚ್ಚಿತು. ಮೂಕಪ್ಪ ಎಂದಿನಂತೆ ಸುಮ್ಮನಿದ್ದ.

ಹೆಣ ಮುಂದಿಟ್ಟುಕೊಂಡು ಇಂದೂ ಅದನ್ನೇ ಹೇಳುತ್ತಾರೆ ಎಂದು ಮಾತ್ರ ಟೈಲರಮ್ಮ ಎಣಿಸಿರಲಿಲ್ಲ. ಬೆಳಿಗ್ಗೆಯಿಂದ ಮನಸ್ಸಿನಲ್ಲಿದ್ದುದನ್ನು ಮಾಡಲೋ ಬೇಡವೋ ಎಂದು ಹೊಯ್ದಾಡುತ್ತಿದ್ದವಳಿಗೆ ಈಗ ಹೊಯ್ದಾಟ ನಿಂತಿತು.

*

ಆಸ್ಪತ್ರೆಯಲ್ಲಿ ಬಂದ ಡಾಕ್ಟರುಗಳೆಲ್ಲ ದಿನಕ್ಕೆಷ್ಟು ಸೇದ್ತೀರಿ ಎಂದೇ ಮಾತು ಶುರು ಮಾಡುತ್ತಿದ್ದರು. ಸೇದಲ್ಲ ಅಂದರೆ ನಗುತ್ತಿದ್ದರು. ಕೊನೆಗೆ ಬಂದ ಡಾಕ್ಟರಮ್ಮ ನಗಲಿಲ್ಲ. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಗಡ್ಡೆಯ ಮಾತು ಹಾಗಿರಲಿ, ಉಳಿದ ಶ್ವಾಸಕೋಶವೂ ಹೀಗೆ ಸವೆದಿದೆಯಲ್ಲ ಎಂದು ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು. ವರದಿ ಬಂದ ದಿನ ಮಂಚದ ಅಂಚಿಗೆ ಕೂತು ಟೈಲರಮ್ಮನಿಗೆ ತಿಳಿಯುವ ಹಾಗೆ ಹೇಳಿದರು.

ನಮ್ಮ ಮೈಯಲ್ಲಿ ರೋಗದ ಕ್ರಿಮಿಗಳನ್ನು ಹರಿದು ತಿನ್ನುವ ಒಂದು ಎಂಜೈಮ್ ಇರುತ್ತದಂತೆ. ಕಾವಲು ನಾಯಿ ಇದ್ದ ಹಾಗೆ. ಕೆಲಸ ಮುಗಿದ ಮೇಲೆ ಅದನ್ನು ಕಟ್ಟಿಹಾಕುವ ಸರಪಳಿ ಲಿವರಿನಲ್ಲಿ ತಯಾರಾಗಬೇಕು. ಇವರಿಗೆ ಹುಟ್ಟಿನಿಂದಲೇ ಆ ಸರಪಳಿ ತೀರಾ ಕಡಿಮೆ. ನಾಯಿ ಮನೆಯವರನ್ನೇ ಕಚ್ಚುತ್ತದೆ, ಶ್ವಾಸಕೋಶವನ್ನೇ ತಿನ್ನುತ್ತದೆ. ಇದು ಇದ್ದವರಿಗೆಲ್ಲ ಕ್ಯಾನ್ಸರ್ ಬರಲೇಬೇಕು ಅಂತೇನಿಲ್ಲ, ಆದರೆ ಬೇರೆಯವರಿಗಿಂತ ಅಪಾಯ ಹೆಚ್ಚು. ಜತೆಗೆ ಬೇರೆಯವರ ಹೊಗೆ, ಲೋಹದ ಧೂಳು ಸೇರಿದರೆ ಇನ್ನೂ ಹೆಚ್ಚು. ಮೊದಲೇ ಗೊತ್ತಾಗಿದ್ದರೆ ಆ ಶೆಡ್ಡಿನ ಕಡೆ ತಲೆ ಹಾಕಬೇಡಿ ಅಂತಿದ್ವಿ, ಆಗಾಗ ಪರೀಕ್ಷೆ ಮಾಡ್ತಿದ್ವಿ, ಗಡ್ಡೆ ಆದರೂ ಸಣ್ಣದಿರುವಾಗಲೇ ಸಿಗ್ತಿತ್ತೇನೋ ಎಂದರು. ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬಂದಿರುವ ಕೊರತೆ ಇದು, ಒಡಹುಟ್ಟಿದವರಿಗೂ ಇರಬಹುದು, ಅವರನ್ನೂ ಕರೆಸಿ ಎಂದರು.

ಅಂದು ಊಟದ ಡಬ್ಬಿ ತಂದಿದ್ದ ಮಾಸ್ಟ್ರ ಹೆಂಡತಿ ಅಲ್ಲೇ ನಿಂತಿದ್ದಳು. ಪಾಪದ ಹೆಂಗಸು, ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

“ನಮ್ಮನೆಯವರಿಗೂ ಇದನ್ನೇ ಹೇಳಿದ್ರು ಡಾಕ್ಟ್ರೇ. ತಮ್ಮನ್ನೂ ಕರ್ಕೊಂಡು ಬನ್ನಿ ಅಂತ ಆವತ್ತೇ ಹೇಳಿದ್ರು.”

ಯಾವತ್ತು ಅಕ್ಕ ಎಂದು ಟೈಲರಮ್ಮ ಕೇಳಿದಳು. ನಿನ್ನ ಮಗಳು ಹೈಸ್ಕೂಲು ಸೇರಿದ ವರ್ಷ ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡು, ಡಬ್ಬಿಯ ಮುಚ್ಚಳ ತೆಗೆಯುವುದರಲ್ಲಿ ಮುಳುಗಿದಳು. ಮಗಳು ಈಗ ಕಾಲೇಜು ಮುಗಿಸಿದ್ದಳು. ಮಾಸ್ಟ್ರು ಬೀಡಿ ಸಿಗರೇಟು ಬಿಟ್ಟದ್ದು, ಅಂಗಡಿಯ ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಶೆಡ್ಡಿಗೆ ಕಾಲಿಡುವುದು ನಿಲ್ಲಿಸಿದ್ದು, ಎಲ್ಲ ಆ ವರ್ಷವೇ. ತಮ್ಮನನ್ನು ಮಾತ್ರ ಶೆಡ್ಡಿನಲ್ಲೇ ಬಿಟ್ಟಿದ್ದರು. ಕಿಟಕಿಗೆ ಹಲಗೆ ಬಡಿಸಿದ್ದು ಅದಾದ ಮೇಲೆ.

ಮೂಕಪ್ಪ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಇಬ್ಬರೇ ಆದಾಗ ಹೆಂಡತಿಯ ಕೈ ಹಿಡಿದ. ಅವನ ಇಡೀ ಬದುಕಿನಲ್ಲೇ ಉದ್ದವಾದ ಮಾತು ಅದಿರಬೇಕು, ನಡುನಡುವೆ ನಿಲ್ಲಿಸಿ ಗಾಳಿ ಎಳೆದುಕೊಂಡ.

“ನಾನು ಹೋದ ಮೇಲೆ ಅಣ್ಣನ ಮೇಲೆ ನೀನು ಒಂದು ಮಾತೂ ಆಡಬಾರದು. ಮಾತು ಕೊಡು.”

ಅವಳಿಗೆ ಆ ಕ್ಷಣ ಗಂಡನ ಮೇಲೂ ಕೋಪ ಬಂತು. ಸಾಯುವಾಗಲಾದರೂ ಒಮ್ಮೆ ಬೈದು ಸಾಯಬಾರದೇ ಈ ಮನುಷ್ಯ. ಆದರೆ ಆ ಕೈಯಲ್ಲಿ ಬಿಸಿಯೇ ಇರಲಿಲ್ಲ. ಆಯ್ತು, ನಾನು ಬಾಯಿ ಬಿಡಲ್ಲ ಎಂದಳು. ಮಗಳನ್ನು ಕರೆದುಕೊಂಡು ಹೋಗಿ ರಕ್ತ ಕೊಡಿಸಿದಳು. ಮಗಳಿಗೆ ಬಂದಿರುವುದು ಒಂದೇ ಪಾಲು, ಹೊಗೆ ಧೂಳಿನಿಂದ ದೂರವಿರಲಿ, ಆಗಾಗ ತೋರಿಸಿಕೊಳ್ಳಲಿ ಎಂದರು. ವಿಷಯ ತಿಳಿದ ದಿನವೇ ಅವಳು ಮಗಳಿಗೆ ಹೇಳಿದ್ದಳು. ಹೇಳುವುದು ಇಷ್ಟು ಸುಲಭ ಎಂದು ಯೋಚಿಸುತ್ತ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದಳು.

*

ಹೊರಡುವ ಹೊತ್ತಾಯಿತು. ಟೈಲರಮ್ಮ ಹೊಸ್ತಿಲ ಹೊರಗೆ ಬಂದು ನಿಂತಳು. ಬ್ಯಾಂಡಿನವರೆಲ್ಲ ಎದ್ದು ನಿಂತರು. ಅವಳು ಭೋಂ ಮಾವನ ಕಡೆ ತಿರುಗಿ, ಮಾವ, ಅಲ್ಲಿ ಕಡೇ ಧಾಟಿ ಇರುತ್ತಲ್ವಾ ಎಂದಳು. ಅದಿಲ್ಲದೆ ಮಣ್ಣು ಮಾಡೋದುಂಟೇನಮ್ಮ ಎಂದರು ಮುದುಕ.

ಮಾಸ್ಟ್ರು ಎರಡು ಹೆಜ್ಜೆ ಮುಂದೆ ಬಂದು ಟವೆಲಿನಿಂದ ಕಣ್ಣೊತ್ತಿಕೊಂಡರು. ನನ್ನ ಶಪಥ ನಿಮಗೆಲ್ಲ ಗೊತ್ತಿದೆ, ತಮ್ಮ ಇಲ್ಲದ ಮೇಲೆ ಆ ಟ್ರಂಪೆಟ್ಟನ್ನ ಯಾವ ಕೈಯಲ್ಲಿ ಮುಟ್ಟಲಿ ಎಂದರು. ಡ್ರಮ್ಮಿನವನ ಸಾವಿನಲ್ಲಿ ನುಡಿಸಿದ್ದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದಾರೆ, ಅದನ್ನೇ ಸ್ಪೀಕರಿಗೆ ಹಾಕಿದರಾಯಿತು ಎಂದರು. ಭೋಂ ಮಾವನ ಮುಖ ಗಂಟಾಯಿತು. ನಲವತ್ತು ವರ್ಷ ಜತೆಗೆ ಊದಿದವನಿಗೆ ಡಬ್ಬಿ ಸಂಗೀತ ಕೇಳಿಸಿ ಕಳಿಸ್ತೀರಾ, ಇದಕ್ಕಿಂತ ನಾಯಿ ಬೊಗಳಿದ್ರೆ ವಾಸಿ ಎಂದರು. ಉಳಿದವರೂ ಗೊಣಗಿದರು.

“ಭಾವ ಹೇಳಿದ್ದು, ತಮ್ಮ ಏಳೋ ತನಕ ಮುಟ್ಟಲ್ಲ ಅಂತ,” ಎಂದಳು ಟೈಲರಮ್ಮ ತಣ್ಣಗೆ. “ಇನ್ನು ಅವರು ಏಳಲ್ಲ. ಶಪಥ ತೀರಿತು. ಅವರಿಗೆ ಅಣ್ಣನ ಉಸಿರು ಅಂದ್ರೆ ಪ್ರಾಣ. ಅದನ್ನ ಕೇಳಿಯೇ ಹೋಗಲಿ.”

ಅದರಲ್ಲಿ ಭಾವನ ಮೇಲೆ ಆಡಿದ ಒಂದು ಮಾತೂ ಇರಲಿಲ್ಲ. ಸುತ್ತ ನಿಂತವರು ತಲೆಯಾಡಿಸಿದರು. ಹೆಂಡತಿಯೇ ಕೇಳ್ತಿದಾಳೆ ಮಾಸ್ಟ್ರೇ, ಇಲ್ಲ ಅನ್ನಬೇಡಿ ಎಂದರು. ಮಾಸ್ಟ್ರು ಅವಳನ್ನೊಮ್ಮೆ ನೋಡಿ, ಒಂದು ನಿಮಿಷ ಒಳಗೆ ಬಾಮ್ಮ ಎಂದು ಹೊಲಿಗೆಯ ಕೋಣೆಗೆ ನಡೆದರು. ಬಾಗಿಲು ಮುಂದೆ ಮಾಡಿಕೊಂಡು, ಅರ್ಧ ಹೊಲಿದ ಬಟ್ಟೆಗಳ ರಾಶಿ ಸರಿಸಿ ಸ್ಟೂಲಿನ ಮೇಲೆ ಕೂತರು. ಅಷ್ಟು ದೂರ ಬೇಗ ನಡೆದದ್ದಕ್ಕೇ ಎದೆಯಲ್ಲಿ ಸುಯ್ ಸುಯ್ ಶುರುವಾಗಿತ್ತು.

“ನನ್ನ ಕೈಲಿ ಆಗಲ್ಲ ಅಂತ ನಿನಗೆ ಗೊತ್ತಲ್ಲ.”

“ನನಗೆ ಗೊತ್ತಿರೋದು ಅಷ್ಟೇ ಅಲ್ಲ ಭಾವ.”

ಅವರು ನೆಲ ನೋಡಿದರು. ಹೆಂಡತಿ ಬಾಯಿ ಬಿಟ್ಟಿದ್ದಾಳೆ ಎಂದು ತಿಳಿಯಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೇಳೋಣ ಹೇಳೋಣ ಅಂತಲೇ ಇದ್ದೆ ಎಂದರು. ಹೇಳಿದ್ದರೆ ಅವನು ಊದುವುದು ಬಿಡುತ್ತಿದ್ದ, ಅವನು ಬಿಟ್ಟಿದ್ದರೆ ನನ್ನ ಬಂಡವಾಳ ಬೀದಿಗೆ ಬೀಳುತ್ತಿತ್ತು, ಅಪ್ಪ ಕಟ್ಟಿದ ಬ್ಯಾಂಡು ಮುಚ್ಚಿಹೋಗುತ್ತಿತ್ತು, ಇಷ್ಟು ಜನರ ಒಲೆ ಆರುತ್ತಿತ್ತು ಎಂದರು. ಅವಳು ಕೇಳಿಸಿಕೊಂಡಳು. ಒಲೆಯ ಮಾತು ಬಂದಾಗ ತನ್ನ ಒಲೆಯ ಕಡೆ ನೋಡಿದಳು.

“ಆ ಧೂಳು ಬಿಟ್ಟಿದ್ರೆ ಇನ್ನೊಂದಷ್ಟು ವರ್ಷ ಇರ್ತಿದ್ರು,” ಎಂದಳು.

“ಇರ್ತಿದ್ದ ಅಂತ ಯಾರು ಹೇಳಕ್ಕಾಗುತ್ತೆ?”

“ಯಾರೂ ಹೇಳಕ್ಕಾಗಲ್ಲ. ನೀವು ಹೇಳಿದ್ರೆ ತಾನೆ ಗೊತ್ತಾಗ್ತಿತ್ತು.”

ಹೊರಗೆ ಯಾರೋ ವ್ಯಾನಿನ ಬಾಗಿಲು ಎಳೆದ ಸದ್ದಾಯಿತು. ಅವಳು ಇನ್ನೂ ಧ್ವನಿ ತಗ್ಗಿಸಿದಳು.

“ಈಗಲೂ ಕಾಲ ಮಿಂಚಿಲ್ಲ. ಹೊರಗೆ ಹೋಗಿ ಎಲ್ಲರೆದುರು ಹೇಳಿಬಿಡಿ. ತಮ್ಮ ಸೇದ್ತಿರ್ಲಿಲ್ಲ, ಸೇದ್ತಿದ್ದೋನು ನಾನು. ಇಷ್ಟು ವರ್ಷ ನೀವು ಕೇಳಿದ್ದು ಅವನ ಉಸಿರು. ಡಾಕ್ಟರು ಹೇಳಿದ್ದನ್ನ ಮುಚ್ಚಿಟ್ಟೆ. ಇಷ್ಟು ಹೇಳಿ, ಧಾಟಿ ಬೇಡ ಅಂತ ನಾನೇ ಎಲ್ಲರಿಗೂ ಕೈ ಮುಗೀತೀನಿ. ಹೇಳೋಕಾಗಲ್ಲ ಅಂದ್ರೆ ನುಡಿಸಿ.”

ಮಾಸ್ಟ್ರು ಬಾಗಿಲ ಕಡೆ ನೋಡಿ, ನೀನೇ ಹೇಳಿಬಿಡ್ತೀಯೇನು ಎಂದು ಕೇಳಿದರು. ಇಲ್ಲ, ಅವರಿಗೆ ಮಾತು ಕೊಟ್ಟಿದೀನಿ, ನಾನು ಬಾಯಿ ಬಿಡಲ್ಲ ಎಂದಳು. ಆಗ ಅವರ ಮುಖ ಒಂದಿಷ್ಟು ಸಡಿಲವಾಯಿತು. ಭುಜ ಇಳಿಯಿತು. ಬದುಕಿದೆಯಾ ಬಡಜೀವವೇ ಅನ್ನುವ ಹಾಗೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಅದನ್ನು ಅವಳು ಕಣ್ಣಾರೆ ಕಂಡಳು. ಅಷ್ಟು ಹೊತ್ತು ಮನಸ್ಸಿನ ಯಾವುದೋ ಮೂಲೆಯಲ್ಲಿ, ಇವರೂ ರೋಗಿಯೇ ಅಲ್ಲವೇ ಎಂದು ಒಂಚೂರು ಕನಿಕರ ಉಳಿದಿತ್ತು. ಅದೂ ಹೋಯಿತು.

*

ಮಣ್ಣಿನ ಜಾಗಕ್ಕೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಬ್ಯಾಂಡಿನವರು ಗುಂಡಿಯ ಸುತ್ತ ನಿಂತು, ತಮ್ಮ ತಮ್ಮ ವಾದ್ಯಗಳನ್ನು ಬಾಯಿ ಕೆಳಗೆ ಮಾಡಿ ನೆಲಕ್ಕಿಟ್ಟರು. ಭೋಂ ಮಾವನ ಕೊಂಬು ಇಳಿಸಲು ಇಬ್ಬರು ಕೈ ಹಾಕಬೇಕಾಯಿತು. ಮೂಕಪ್ಪನನ್ನು ಗುಂಡಿಯೊಳಗೆ ಇಳಿಸಿ ಮಲಗಿಸಿದರು. ಎಲ್ಲರೂ ಕೈಕಟ್ಟಿ ತಲೆ ತಗ್ಗಿಸಿದರು.

ಮಾಸ್ಟ್ರು ಟ್ರಂಪೆಟ್ಟನ್ನು ತುಟಿಗೆ ಇಟ್ಟರು. ಭುಜ ಎದ್ದಿತು, ಕೆನ್ನೆ ಉಬ್ಬಿತು, ಬೆರಳುಗಳು ಧಾಟಿಯ ಮೊದಲ ಸಾಲನ್ನು ತಪ್ಪಿಲ್ಲದೆ ಒತ್ತಿದವು. ಸದ್ದು ಬರಲಿಲ್ಲ. ಕೊಳವೆಯೊಳಗಿಂದ ಸ್ವಲ್ಪ ಗಾಳಿ ಸೋರಿತು, ಅಷ್ಟೇ. ಅವರು ವಾದ್ಯ ಕೆಳಗಿಳಿಸಿ ಮುಖ ಮುಚ್ಚಿಕೊಂಡು, ಆಗ್ತಿಲ್ಲ ಕಣ್ರಪ್ಪ, ಕರುಳು ಕಿತ್ತು ಬರ್ತಿದೆ ಎಂದು ಬಿಕ್ಕಿದರು. ಜನರ ಬಾಯಿಂದ ಅಯ್ಯೋ ಪಾಪ ಹೊರಟಿತು. ಯಾರೋ ಬೆನ್ನು ತಟ್ಟಲು ಹೋದರು. ಇಲ್ಲೂ ತಪ್ಪಿಸಿಕೊಂಡರಲ್ಲ ಎಂದುಕೊಂಡಳು ಟೈಲರಮ್ಮ. ತಮ್ಮನ ಸಾವನ್ನೂ ಈ ಮನುಷ್ಯ ಮರೆ ಮಾಡಿಕೊಂಡು ನಿಂತಿದ್ದರು.

“ಪರವಾಗಿಲ್ಲ ಭಾವ, ಸುಧಾರಿಸ್ಕೊಳ್ಳಿ,” ಎಂದಳು. “ಕಾಯ್ತೀವಿ. ಕತ್ತಲಾದ್ರೂ ಕಾಯ್ತೀವಿ. ಧಾಟಿ ಮುಗೀದೆ ಮಣ್ಣು ಹಾಕೋ ಹಾಗಿಲ್ಲವಲ್ಲ.”

ಯಾರೂ ಇಲ್ಲವೆನ್ನಲಿಲ್ಲ, ಕಟ್ಟಳೆ ಕಟ್ಟಳೆಯೇ. ಒಂದು ಸ್ವರ ಹತ್ತಿದರೆ ಉಳಿದದ್ದು ತಾನೇ ಬರುತ್ತೆ ಎಂದು ಧೈರ್ಯ ಹೇಳುತ್ತ ಭೋಂ ಮಾವ ಮಾಸ್ಟ್ರ ಪಕ್ಕಕ್ಕೆ ಬಂದು ನಿಂತರು. ಮಾಸ್ಟ್ರು ಮತ್ತೆ ಎತ್ತಿದರು. ಈ ಸಲ ಮುದುಕ ಒಂದು ಗೇಣು ದೂರದಿಂದ ನೋಡುತ್ತಿದ್ದರು. ಜೀವಮಾನವೆಲ್ಲ ಊದಿದವರಿಗೆ ಅಳು ಬಂದು ನಡುಗುವ ತುಟಿ ಯಾವುದು, ಒಳಗೆ ಗಾಳಿಯೇ ಇಲ್ಲದೆ ಬಿರುಸಾಗಿ ಒತ್ತಿಕೊಂಡ ತುಟಿ ಯಾವುದು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಕೆನ್ನೆ ಉಬ್ಬಿಯೇ ಇತ್ತು. ಎದೆ ಒಂದಿಂಚೂ ಅಲ್ಲಾಡಲಿಲ್ಲ. ಕತ್ತಿನ ನರಗಳು ಮಾತ್ರ ಹಗ್ಗದಂತೆ ಎದ್ದಿದ್ದವು.

“ಎಷ್ಟು ದಿನದಿಂದ ಹೀಗೆ?” ಎಂದರು ಭೋಂ ಮಾವ. ಮೆಲ್ಲಗೇ ಕೇಳಿದರು, ಆದರೆ ಎಲ್ಲರಿಗೂ ಕೇಳಿಸಿತು.

ಮಾಸ್ಟ್ರು ಟ್ರಂಪೆಟ್ಟಿನ ಬಾಯನ್ನು ಟವೆಲಿನಿಂದ ಒರೆಸತೊಡಗಿದರು.

“ಹಾಗಾದ್ರೆ ಡ್ರಮ್ಮಿನವನಿಗೆ ನುಡಿಸಿದ್ದು ಯಾರು?”

ಮಾಸ್ಟ್ರ ಕಣ್ಣು, ಅವರು ತಡೆಯುವಷ್ಟರಲ್ಲಿ, ಗುಂಡಿಯೊಳಗೆ ಮಲಗಿದ್ದವನ ಕಡೆ ಹೋಯಿತು. ಬ್ಯಾಂಡಿನವರೆಲ್ಲ ಆ ಕಣ್ಣು ಹೋದಲ್ಲಿಗೆ ನೋಡಿದರು. ಒಬ್ಬ ಟೋಪಿ ತೆಗೆದ. ಇನ್ನೊಬ್ಬ, ಎರಡನೇ ಸಾಲಿನಲ್ಲಿ ಮೂಕಪ್ಪನ ಪಕ್ಕಕ್ಕೇ ನಿಲ್ಲುತ್ತಿದ್ದವನು, ಅಲ್ಲೇ ನೆಲಕ್ಕೆ ಕುಸಿದು ಕೂತ. ಅಷ್ಟು ಹತ್ತಿರ ನಿಂತೂ ಏನೂ ತಿಳಿಯದೆ, ಮೂಕಪ್ಪ ಯಾಕೆ ಇಷ್ಟು ಜೋರಾಗಿ ಊದ್ತೀಯ, ಮಾಸ್ಟ್ರ ಸದ್ದೇ ಕೇಳಲ್ಲ ಎಂದು ಅವನು ಎಷ್ಟೋ ಸಲ ರೇಗಿಸಿದ್ದ.

“ಅವನು ಕದ್ದು ಸೇದ್ತಾನೆ ಅಂದಿದ್ಯಲ್ಲ,” ಎಂದರು ಭೋಂ ಮಾವ. ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದ್ದ ಮಾಸ್ಟ್ರನ್ನು ಅವರು ಅಂದು ಮೊದಲ ಸಲ ಏಕವಚನಕ್ಕೆ ಇಳಿಸಿದ್ದರು. “ಅದೂ ಸುಳ್ಳೇನೋ?”

ಮಾಸ್ಟ್ರ ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದಳು. ಪಕ್ಕದ ಮನೆಯಾಕೆ ಟೈಲರಮ್ಮನ ಮುಖ ನೋಡಲಾಗದೆ ತಲೆ ತಗ್ಗಿಸಿದಳು. ತನ್ನ ವಾದ್ಯ ಎತ್ತಿಕೊಳ್ಳಲು ಬಗ್ಗಿದ ಒಬ್ಬ, ನಾನೇ ನುಡಿಸ್ತೀನಿ ಮಾವ, ಮೂಕಪ್ಪನಿಗೆ ನಾನು ನುಡಿಸ್ತೀನಿ ಎಂದ. ಭೋಂ ಮಾವ ಅವನ ಕೈ ಹಿಡಿದು ತಡೆದು ಟೈಲರಮ್ಮನ ಕಡೆ ತಿರುಗಿದರು. ಹೇಗಮ್ಮ ಎಂದು ಕಣ್ಣಲ್ಲೇ ಕೇಳಿದರು.

ಅವಳು ಬಗ್ಗಿ ಗುಂಡಿಯ ಅಂಚಿನಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಮಗಳು ಪಕ್ಕಕ್ಕೆ ಬಂದು ತಾನೂ ಒಂದು ಹಿಡಿ ತೆಗೆದುಕೊಂಡಳು.

“ಭಾವ ನುಡಿಸ್ತಿದಾರೆ,” ಎಂದಳು ಟೈಲರಮ್ಮ. “ಮುಗೀಲಿ.”

ಸುತ್ತ ಯಾರೂ ಅಲ್ಲಾಡಲಿಲ್ಲ. ಮಾಸ್ಟ್ರು ದಾರಿಯ ಕಡೆ ನೋಡಿದರು, ಅಲ್ಲಿಯೂ ಜನ ನಿಂತಿದ್ದರು. ಟ್ರಂಪೆಟ್ಟು ಎತ್ತಿ ಮೊದಲಿನಿಂದ ಶುರು ಮಾಡಿದರು. ವಾದ್ಯದ ಮೂರು ಒತ್ತುಗುಂಡಿಗಳು ಟಕ್ ಟಕ್ ಎಂದು ಮೇಲೆ ಕೆಳಗೆ ಆಡುವ ಸದ್ದು ಮಾತ್ರ ಕೇಳುತ್ತಿತ್ತು. ಬ್ಯಾಂಡಿನವರು ಆ ಬೆರಳುಗಳನ್ನೇ ನೋಡುತ್ತ, ಸಾಲಿಗೆ ಸಾಲು, ಧಾಟಿಯ ಜತೆಗೇ ಹೋಗುತ್ತಿದ್ದರು. ಕೊನೆಯ ಸ್ವರಕ್ಕೆ ಬಂದಾಗ ಬೆರಳುಗಳು ನಿಂತವು. ಅದನ್ನು ಹಿಡಿಯಬೇಕಿತ್ತು. ಮಾಸ್ಟ್ರು ಕೆನ್ನೆ ಉಬ್ಬಿಸಿಕೊಂಡು ನಿಂತರು. ಮುಖ ಕೆಂಪಗಾಗಿ, ಆಮೇಲೆ ಕಪ್ಪಗಾಗತೊಡಗಿತು. ಸಾಕು ಎಂದು ಯಾರಾದರೂ ಹೇಳಲಿ ಎಂಬಂತೆ ಕಣ್ಣು ಒಬ್ಬೊಬ್ಬರ ಮೇಲೂ ಹರಿದು, ಕಡೆಗೆ ಟೈಲರಮ್ಮನ ಮೇಲೆ ಬಂದು ನಿಂತಿತು. ಅವಳು ಮಣ್ಣಿನ ಮುಷ್ಟಿಯನ್ನು ಗುಂಡಿಯ ಮೇಲೆ ಚಾಚಿ ಹಿಡಿದು, ಅವರನ್ನೇ ನೋಡುತ್ತ, ಬೆರಳು ಬಿಚ್ಚದೆ ನಿಂತಿದ್ದಳು.